ಫಿಸ್ಟ್ ಅರ್ಜಿ ಹಾಕುವ ಮುಂಚೆ: ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳಿಗೆ ಒಂದು ಮಾರ್ಗದರ್ಶಿ

ವಿಭಾಗಕ್ಕೆ ಒಂದು ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ವಸ್ತುವಿನ ಹರಳಿನ ರಚನೆ ನೋಡುವ ಮೆಷಿನ್) ಬೇಕು, ಒಂದು ಎನ್‌ಎಂಆರ್ (ಬಲವಾದ ಅಯಸ್ಕಾಂತದಿಂದ ಅಣುವಿನ ರಚನೆ ತಿಳಿಯುವ ಮೆಷಿನ್) ಬೇಕು ಎಂಬ ಮಾತು ವಿಜ್ಞಾನ ವಿಭಾಗಗಳ ಮೀಟಿಂಗ್‌ಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಸಂಬಳ, ಪಿಂಚಣಿ, ಕರೆಂಟ್ ಬಿಲ್ ಎಲ್ಲ ಕಳೆದು ವಿಶ್ವವಿದ್ಯಾಲಯದ ಕೈಯಲ್ಲಿ ಉಳಿಯುವ ದುಡ್ಡಿಗೆ ಅಂಥ ಮೆಷಿನ್ ಬರುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತು. ಆಗ ನೆನಪಾಗುವುದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ, ಅಂದರೆ ಡಿಎಸ್‌ಟಿಯ, ಉಪಕರಣ ಮತ್ತು ಲ್ಯಾಬ್ ಸೌಲಭ್ಯಕ್ಕೆ ಹಣ ಕೊಡುವ ಫಿಸ್ಟ್ ಯೋಜನೆ.

2000-01ರಿಂದ ನಡೆದು ಬಂದಿರುವ ಈ ಯೋಜನೆಯಲ್ಲಿ ಹಣ ಸಿಗುವುದು ಯಾರೋ ಒಬ್ಬ ಪ್ರೊಫೆಸರ್‌ಗಲ್ಲ, ಇಡೀ ವಿಭಾಗಕ್ಕೆ. ಅವಧಿ ಐದು ವರ್ಷ. ಈ ಒಂದು ಮಾತು ತಲೆಯಲ್ಲಿ ಕೂತರೆ ಅರ್ಜಿಯಲ್ಲಿ ಆಗುವ ಅರ್ಧ ತಪ್ಪುಗಳು ಆಗುವುದೇ ಇಲ್ಲ. ಮೆಷಿನ್ ಬಂದ ಮೇಲೆ ಅದನ್ನು ಯಾರು ಯಾರು ಬಳಸುತ್ತಾರೆ, ಯಾರು ನಡೆಸುತ್ತಾರೆ, ಐದನೇ ವರ್ಷವೂ ಅದು ಓಡುತ್ತಿರುತ್ತದಾ ಎಂಬುದಕ್ಕೆ ಅರ್ಜಿ ಪರಿಶೀಲಿಸುವ ಸಮಿತಿಗೆ ಉತ್ತರ ಬೇಕು. ಉಳಿದದ್ದೆಲ್ಲ ಆಮೇಲೆ.

ನಿಮಗೆ ಹೊಂದುವ ಯೋಜನೆ ಯಾವುದು?

ಎಲ್ಲದಕ್ಕೂ ಫಿಸ್ಟ್ ಅಲ್ಲ. ನಿಮ್ಮೊಬ್ಬರ ಪ್ರಾಜೆಕ್ಟ್‌ಗೆ ಒಂದು ಸಣ್ಣ ಉಪಕರಣ ಬೇಕಿದ್ದರೆ ಕೇಂದ್ರದ ಸಂಶೋಧನಾ ನಿಧಿ ಸಂಸ್ಥೆಯಾದ ಎಎನ್‌ಆರ್‌ಎಫ್‌ನ ವೈಯಕ್ತಿಕ ಸಂಶೋಧನಾ ಅನುದಾನವೇ ಸಾಕು. ಹಿಂದೆ ಸೆರ್ಬ್ ಎನ್ನುತ್ತಿದ್ದೆವಲ್ಲ, ಅದು 2023ರ ಕಾಯ್ದೆಯ ಪ್ರಕಾರ ಈಗ ಎಎನ್‌ಆರ್‌ಎಫ್ ಒಳಗೆ ಸೇರಿದೆ. ಡಿಎಸ್‌ಟಿಯದ್ದೇ ಆದ ಪರ್ಸ್ ಯೋಜನೆ ಇಡೀ ವಿಶ್ವವಿದ್ಯಾಲಯದ ಸಂಶೋಧನಾ ಸಾಧನೆ ನೋಡಿ ಕೊಡುವಂಥದ್ದು. ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿ ಕ್ಯಾಂಪಸ್‌ನ ಪರ್ಸ್ ಲ್ಯಾಬ್ ಅದರಿಂದಲೇ ಬಂದದ್ದು. ಉನ್ನತ ಶಿಕ್ಷಣಕ್ಕೆ ಕೇಂದ್ರ ನೆರವು ಕೊಡುತ್ತಿದ್ದ ರೂಸಾ ಯೋಜನೆಯ ಜಾಗಕ್ಕೆ 2023ರಲ್ಲಿ ಬಂದ ಪಿಎಂ-ಉಷಾದಲ್ಲಿ ಆಯ್ದ ವಿಶ್ವವಿದ್ಯಾಲಯಗಳಿಗೆ 100 ಕೋಟಿಯವರೆಗೆ ಕೊಡುವ ಮೇರು ಎಂಬ ಭಾಗ ಇದೆ. ಆದರೆ ಅದು ಕುಲಪತಿಗಳ ಕಚೇರಿ ಮತ್ತು ರಾಜ್ಯ ಸರ್ಕಾರದ ಮಟ್ಟದಲ್ಲಿ ನಡೆಯುವ ಕೆಲಸ. ವಿಭಾಗದ ಮುಖ್ಯಸ್ಥರು ಕೂತು ಬರೆಯುವ ಅರ್ಜಿ ಅಲ್ಲ.

ನಮ್ಮ ರಾಜ್ಯದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ವಿಷನ್ ಗ್ರೂಪ್, ಎಲ್ಲರೂ ವಿಜಿಎಸ್‌ಟಿ ಎನ್ನುವುದು, ಕೆ-ಫಿಸ್ಟ್ ಎಂಬ ಹೆಸರಲ್ಲಿ ಲಕ್ಷಗಳ ಲೆಕ್ಕದ ಸಣ್ಣ ಅನುದಾನ ಕೊಟ್ಟಿದೆ. ಇದುವರೆಗೆ ಯಾವ ಅನುದಾನವನ್ನೂ ನಿಭಾಯಿಸದ ವಿಭಾಗ ಇಂಥ ಸಣ್ಣದರಿಂದ ಶುರು ಮಾಡುವುದು ಜಾಣತನ. ಸಣ್ಣ ಅನುದಾನದ ಲೆಕ್ಕವನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸಿದ ಕಾಗದವೇ ದೊಡ್ಡ ಅರ್ಜಿಗೆ ಒಳ್ಳೆಯ ಶಿಫಾರಸು.

ಫಿಸ್ಟ್‌ನಲ್ಲೂ ಹಂತಗಳಿವೆ. ಸ್ನಾತಕೋತ್ತರ ಪಾಠ ನಡೆಸುವ ಕಾಲೇಜುಗಳಿಗೆ ಒಂದು, ಸಂಶೋಧನೆಯಲ್ಲಿ ಗಟ್ಟಿಯಾಗಿರುವ ವಿಭಾಗಗಳಿಗೆ ಇನ್ನೊಂದು, ಹೀಗೆ. ಹಂತಗಳ ಹೆಸರು, ಗರಿಷ್ಠ ಮೊತ್ತ, ಖಾಸಗಿ ಸಂಸ್ಥೆಗಳು ತಮ್ಮ ಕೈಯಿಂದ ಹಾಕಬೇಕಾದ ಪಾಲು ಕಾಲದಿಂದ ಕಾಲಕ್ಕೆ ಬದಲಾಗಿವೆ. ಪಕ್ಕದ ವಿಭಾಗದವರು ನಾಲ್ಕು ವರ್ಷದ ಹಿಂದೆ ಕೊಟ್ಟ ಅರ್ಜಿಯ ಸಾಫ್ಟ್ ಕಾಪಿ ಇಟ್ಟುಕೊಂಡು ತುಂಬಲು ಕೂರಬೇಡಿ. ಆ ವರ್ಷದ ಅರ್ಜಿ ಆಹ್ವಾನದ ಪಿಡಿಎಫ್ ಪ್ರಿಂಟ್ ತೆಗೆದು, ಪೆನ್ ಹಿಡಿದು, ಅರ್ಹತೆಯ ಒಂದೊಂದು ಸಾಲಿನ ಪಕ್ಕ 'ಇದೆ', 'ಇಲ್ಲ' ಅಂತ ಬರೆಯಿರಿ. ಒಂದು 'ಇಲ್ಲ' ಬಂದರೂ ಅಲ್ಲೇ ನಿಂತು ಯೋಚಿಸಬೇಕು.

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಈ 'ಇಲ್ಲ' ಜಾಸ್ತಿ ಬೀಳುವುದು ಅಧ್ಯಾಪಕರ ಸಂಖ್ಯೆಯ ಮುಂದೆ. ಲೆಕ್ಕಕ್ಕೆ ಬರುವುದು ಕಾಯಂ ಅಧ್ಯಾಪಕರು. ಅತಿಥಿ ಉಪನ್ಯಾಸಕರು ಎಷ್ಟೇ ಚೆನ್ನಾಗಿ ಸಂಶೋಧನೆ ಮಾಡುತ್ತಿರಲಿ, ಆ ಕಾಲಂನಲ್ಲಿ ಅವರ ಹೆಸರು ಸೇರಿಸಿದರೆ ಅರ್ಜಿಗೆ ಕೆಟ್ಟ ಹೆಸರು. ಇನ್ನೊಂದು, ಕಾಯಂ ಇರುವವರಲ್ಲಿ ಮುಂದಿನ ಐದು ವರ್ಷದಲ್ಲಿ ನಿವೃತ್ತರಾಗುವವರು ಎಷ್ಟು ಎಂದೂ ನೋಡಿಕೊಳ್ಳಿ. ಉಪಕರಣ ಕೇಳುತ್ತಿರುವ ಪ್ರೊಫೆಸರೇ ಎರಡು ವರ್ಷದಲ್ಲಿ ನಿವೃತ್ತರಾಗುವವರಾಗಿದ್ದರೆ ಸಮಿತಿಯವರು ಕೇಳದೆ ಬಿಡುವುದಿಲ್ಲ.

ಅರ್ಜಿ ಆಹ್ವಾನ ಬರುವ ಮೊದಲೇ ಮಾಡಿಟ್ಟುಕೊಳ್ಳುವ ಕೆಲಸ

ಅರ್ಜಿ ಆಹ್ವಾನ ಬಂದ ಮೇಲೆ ಸಿಗುವ ಸಮಯ ಕಮ್ಮಿ. ಆ ದಿನಗಳಲ್ಲಿ ಪರೀಕ್ಷೆ, ಮೌಲ್ಯಮಾಪನ, ನ್ಯಾಕ್ ಕೆಲಸ ಯಾವುದಾದರೂ ಒಂದು ಅಡ್ಡ ಬಂದೇ ಬರುತ್ತದೆ. ಹಾಗಾಗಿ ಒಂದು ಎಕ್ಸೆಲ್ ಫೈಲ್ ಮಾಡಿ, ವರ್ಷಪೂರ್ತಿ ತುಂಬುತ್ತಾ ಹೋಗಿ. ಕಳೆದ ಐದು ವರ್ಷದ ಪ್ರಬಂಧಗಳು, ಮುಗಿದ ಪಿಎಚ್‌ಡಿಗಳು, ನಡೆಯುತ್ತಿರುವ ಪ್ರಾಜೆಕ್ಟ್‌ಗಳು ಮತ್ತು ಅವುಗಳ ಮೊತ್ತ, ನೆಟ್ ಹಾಗೂ ಗೇಟ್ ಪಾಸಾದ ವಿದ್ಯಾರ್ಥಿಗಳು, ಎಂಎಸ್ಸಿ ಮುಗಿಸಿದವರು ಈಗ ಎಲ್ಲಿದ್ದಾರೆ ಎಂಬ ಪಟ್ಟಿ. ಕೊನೆಯದು ಯಾವ ವಿಭಾಗದಲ್ಲೂ ಸರಿಯಾಗಿ ಇರುವುದಿಲ್ಲ. ವಿದ್ಯಾರ್ಥಿಗಳ ಹಳೆಯ ವಾಟ್ಸಾಪ್ ಗುಂಪುಗಳೇ ಗತಿ.

ಇವೆಲ್ಲಕ್ಕಿಂತ ಬೆಲೆಯುಳ್ಳ ಒಂದು ದಾಖಲೆ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ: ಈಗ ಇರುವ ಉಪಕರಣಗಳ ಲಾಗ್ ಬುಕ್. ಯುವಿ-ವಿಸಿಬಲ್ ಸ್ಪೆಕ್ಟ್ರೋಮೀಟರ್ ಪಕ್ಕದಲ್ಲಿ ದಾರ ಕಟ್ಟಿದ ಪೆನ್ ಜೊತೆ ಒಂದು ಉದ್ದನೆಯ ರಿಜಿಸ್ಟರ್ ಇರುತ್ತದಲ್ಲ, ಅದೇ. ಅದರಲ್ಲಿ ಏನು ಬರೆದಿರುತ್ತಾರೆ? ತಾರೀಕು, ಹೆಸರು, ಸಹಿ. ಅಷ್ಟೇ. ಇನ್ನು ಮೂರು ಕಾಲಂ ಸೇರಿಸಿ: ಎಷ್ಟು ಸ್ಯಾಂಪಲ್, ಎಷ್ಟು ಹೊತ್ತು, ಯಾವ ವಿಭಾಗ ಅಥವಾ ಕಾಲೇಜಿನವರು. ಮೆಷಿನ್ ಕೆಟ್ಟು ನಿಂತ ದಿನಗಳನ್ನು ಕೆಂಪು ಶಾಯಿಯಲ್ಲಿ ಬರೆಯಿರಿ, ರಿಪೇರಿ ಆದ ದಿನವನ್ನೂ ಬರೆಯಿರಿ. ಒಂದು ವರ್ಷ ಹೀಗೆ ಬರೆದ ಪುಸ್ತಕದ ನಾಲ್ಕು ಪುಟ ಸ್ಕ್ಯಾನ್ ಮಾಡಿ ಲಗತ್ತಿಸಿದರೆ, 'ನಮ್ಮ ವಿಭಾಗ ಉಪಕರಣಗಳನ್ನು ಚೆನ್ನಾಗಿ ಬಳಸುತ್ತದೆ' ಎಂದು ಬರೆಯುವ ಅಗತ್ಯವೇ ಇರುವುದಿಲ್ಲ. ಹಿಂದಿನ ರಾತ್ರಿ ಒಂದೇ ಪೆನ್ನಲ್ಲಿ ತುಂಬಿದ ಲಾಗ್ ಬುಕ್ ಯಾವುದು, ದಿನಾ ಬರೆದದ್ದು ಯಾವುದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಸಮಿತಿಯಲ್ಲಿ ಕೂತವರೂ ಲ್ಯಾಬ್ ನಡೆಸಿದವರೇ ಅಲ್ವಾ.

ಹೊರಗೆ ಕಳಿಸಿದ ಸ್ಯಾಂಪಲ್‌ಗಳ ಲೆಕ್ಕವೂ ಇಟ್ಟುಕೊಳ್ಳಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈಫ್ ಎಂಬ ಉಪಕರಣ ಕೇಂದ್ರ ಇದೆ, ಮೈಸೂರು ವಿಶ್ವವಿದ್ಯಾಲಯದ ವಿಜ್ಞಾನ ಭವನ ಇದೆ, ಬೆಂಗಳೂರಿನ ಐಐಎಸ್‌ಸಿ ಇದೆ. ಅಲ್ಲಿಗೆಲ್ಲ ನಿಮ್ಮ ವಿದ್ಯಾರ್ಥಿಗಳು ಕಳಿಸಿದ ಸ್ಯಾಂಪಲ್, ಕಟ್ಟಿದ ಶುಲ್ಕ, ಫಲಿತಾಂಶಕ್ಕೆ ಕಾದ ದಿನ, ಎಲ್ಲಕ್ಕೂ ರಸೀದಿ ಇರುತ್ತದೆ. ಆ ರಸೀದಿಗಳನ್ನು ಒಂದು ಫೈಲಿಗೆ ಹಾಕಿಡಿ.

ಯಾವ ಉಪಕರಣ ಕೇಳಬೇಕು

ಇಲ್ಲಿ ವಿಭಾಗದೊಳಗೆ ಜಗಳ ಆಗುತ್ತದೆ. ಎಲ್ಲರಿಗೂ ತಮ್ಮದೇ ಮೆಷಿನ್ ಬೇಕು. ಜಗಳ ಬೇಡ ಎಂದು ಆರು ಜನರ ಆರು ಉಪಕರಣ ಸೇರಿಸಿ ಕಳಿಸಿದ ಅರ್ಜಿ ಓದಿದವರಿಗೆ ಅದು ದಿನಸಿ ಚೀಟಿಯ ಹಾಗೆ ಕಾಣುತ್ತದೆ. ಒಂದು ದೊಡ್ಡದು, ಅದಕ್ಕೆ ಜೊತೆಯಾಗುವ ಒಂದೆರಡು ಚಿಕ್ಕದು, ಅಷ್ಟು ಸಾಕು. ಆ ದೊಡ್ಡದನ್ನು ಕನಿಷ್ಠ ಮೂರ್ನಾಲ್ಕು ಅಧ್ಯಾಪಕರು ಬಳಸುವಂತಿರಬೇಕು, ಎಂಎಸ್ಸಿ ಪ್ರಾಕ್ಟಿಕಲ್‌ಗೂ ಆಗುವಂತಿದ್ದರೆ ಇನ್ನೂ ಒಳ್ಳೆಯದು.

ತೀರ್ಮಾನಿಸುವ ಮುಂಚೆ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹುಡುಕಿ. ಸರ್ಕಾರಿ ಹಣದಲ್ಲಿ ಕೊಂಡ ಉಪಕರಣಗಳು ದೇಶದಲ್ಲಿ ಎಲ್ಲೆಲ್ಲಿ ಇವೆ ಎಂದು ತೋರಿಸುವ ಈ ಪೋರ್ಟಲ್ ಶುರುವಾದದ್ದು 2020ರ ಜನವರಿಯಲ್ಲಿ, ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್‌ನಲ್ಲಿ. ನಡೆಸುವುದೂ ಐಐಎಸ್‌ಸಿ ಆವರಣದಿಂದಲೇ. ನೀವು ಕೇಳುವ ಮೆಷಿನ್ ಇಪ್ಪತ್ತು ಕಿಲೋಮೀಟರ್ ದೂರದಲ್ಲೇ ಇದ್ದರೆ, ಅದು ಇದ್ದೂ ನಿಮಗೆ ಯಾಕೆ ಬೇಕು ಎಂದು ಮೊದಲೇ ಬರೆಯಿರಿ. ಅಲ್ಲಿ ತಿಂಗಳುಗಟ್ಟಲೆ ಕ್ಯೂ ಇರಬಹುದು, ನಿಮ್ಮ ಸ್ಯಾಂಪಲ್ ಗಾಳಿಗೆ ಸೋಕಿದರೆ ಕೆಡುವಂಥದ್ದಿರಬಹುದು. ನೀವು ಬರೆಯದೆ ಬಿಟ್ಟರೆ ಅವರೇ ಹುಡುಕಿ ಕೇಳುತ್ತಾರೆ.

ಸಮರ್ಥನೆಯ ಪ್ಯಾರಾ

ಅರ್ಜಿ ಇಂಗ್ಲಿಷಿನಲ್ಲೇ ಹೋಗುತ್ತದೆ. ಆದರೆ ಸಮರ್ಥನೆಯ ಭಾಗವನ್ನು ಮೊದಲು ಕನ್ನಡದಲ್ಲಿ, ಪಕ್ಕದ ವಿಭಾಗದ ಸ್ನೇಹಿತರಿಗೆ ಹೇಳುವ ಹಾಗೆ ಬರೆದು ನೋಡಿ. ಟೊಳ್ಳು ಎಲ್ಲಿದೆ ಎಂದು ಆಗ ಕಾಣುತ್ತದೆ. ಸಾಮಾನ್ಯವಾಗಿ ಬರುವ ಪ್ಯಾರಾ ಹೀಗಿರುತ್ತದೆ:

'ನಮ್ಮ ವಿಭಾಗ ನ್ಯಾನೋ ವಸ್ತುಗಳ ಕ್ಷೇತ್ರದಲ್ಲಿ ಮುಂಚೂಣಿಯ ಸಂಶೋಧನೆ ನಡೆಸುತ್ತಿದೆ. ಈ ಸಂಶೋಧನೆಗೆ ಅತ್ಯಾಧುನಿಕ ಎಕ್ಸ್‌ಆರ್‌ಡಿ ಉಪಕರಣ ಅತ್ಯಗತ್ಯ. ಇದರಿಂದ ಈ ಭಾಗದ ವಿದ್ಯಾರ್ಥಿಗಳಿಗೆ ಬಹಳ ಅನುಕೂಲವಾಗುತ್ತದೆ.'

ಇದನ್ನು ಯಾವ ವಿಭಾಗದವರು ಬೇಕಾದರೂ ಬರೆಯಬಹುದು. ಅದೇ ವಿಷಯವನ್ನು ಹೀಗೆ ಬರೆದರೆ? ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ:

'ಕಳೆದ 3 ವರ್ಷದಲ್ಲಿ ನಮ್ಮ 5 ಅಧ್ಯಾಪಕರ ಬಳಿ ಇರುವ 14 ಪಿಎಚ್‌ಡಿ ವಿದ್ಯಾರ್ಥಿಗಳು 620 ಪುಡಿ ಸ್ಯಾಂಪಲ್‌ಗಳನ್ನು ಎಕ್ಸ್‌ಆರ್‌ಡಿಗಾಗಿ ಹೊರಗೆ ಕಳಿಸಿದ್ದಾರೆ. ಫಲಿತಾಂಶಕ್ಕೆ ಸರಾಸರಿ 5 ವಾರ ಹಿಡಿದಿದೆ. ಬಿಸಿ ಮಾಡುತ್ತಾ ಅಳೆಯಬೇಕಾದ 40 ಸ್ಯಾಂಪಲ್‌ಗಳನ್ನು ಎಲ್ಲೂ ಅಳೆಯಲಾಗಿಲ್ಲ. ಉಪಕರಣ ಬಂದರೆ ವಾರಕ್ಕೆ 3 ದಿನ ವಿಭಾಗದ ಸಂಶೋಧನೆಗೆ, 1 ದಿನ ಎಂಎಸ್ಸಿ ಪ್ರಾಕ್ಟಿಕಲ್‌ಗೆ, 1 ದಿನ ಹೊರಗಿನ ಕಾಲೇಜುಗಳಿಗೆ. ನಾಲ್ಕು ಕಾಲೇಜುಗಳ ಒಪ್ಪಿಗೆ ಪತ್ರ ಲಗತ್ತಿಸಿದೆ.'

ಎರಡನೆಯದರಲ್ಲಿ ಒಂದೂ ಹೊಗಳಿಕೆಯ ಮಾತಿಲ್ಲ. ಆದರೂ ವಿಭಾಗ ಕೆಲಸ ಮಾಡುತ್ತಿದೆ ಎಂದು ನಂಬಿಕೆ ಬರುತ್ತದೆ. ರಸೀದಿಗಳ ಫೈಲ್ ಯಾಕೆ ಇಡಿ ಎಂದಿದ್ದು ಇದಕ್ಕೇ. ಹೊರಗಿನವರಿಗೆ ದಿನ ಕೊಡುವುದು ಸುಮ್ನೆ ಉದಾರತೆಯ ಮಾತಲ್ಲ. ಡಿಎಸ್‌ಟಿ 2022ರಲ್ಲಿ ತಂದ ಶ್ರೀಮಾನ್ ಮಾರ್ಗಸೂಚಿ ಹೇಳುವುದೇ ಉಪಕರಣಗಳನ್ನು ಹಂಚಿಕೊಂಡು ಬಳಸಬೇಕು ಎಂದು. ಈಚಿನ ಫಿಸ್ಟ್‌ನಲ್ಲಿ ಸ್ಟಾರ್ಟಪ್, ಸಣ್ಣ ಕೈಗಾರಿಕೆಗಳಿಗೂ ಲ್ಯಾಬ್ ತೆರೆದಿಡಬೇಕೆಂಬ ನಿರೀಕ್ಷೆ ಇದೆ.

ಬಜೆಟ್

ಕಂಪನಿಗಳಿಂದ ಕೊಟೇಶನ್ ತರಿಸಿ, ಕನಿಷ್ಠ ಮೂರು. ಕೊಟೇಶನ್‌ನ ಮೊದಲ ಪುಟದ ಮೊತ್ತ ನೋಡಿ ಬಜೆಟ್ ಹಾಕಿದರೆ ಮುಂದೆ ಕಷ್ಟ. ಆ ಮೊತ್ತದಲ್ಲಿ ತೆರಿಗೆ ಸೇರಿದೆಯಾ, ಮೆಷಿನ್ ತಣ್ಣಗಿಡುವ ಚಿಲ್ಲರ್ ಸೇರಿದೆಯಾ, ಯುಪಿಎಸ್ ಸೇರಿದೆಯಾ ಎಂದು ಪುಟ ಪುಟ ನೋಡಬೇಕು. ಕೆಲವು ಕಂಪನಿಗಳು ತಪ್ಪದೆ ಬೇಕಾಗುವ ಭಾಗವನ್ನೂ 'ಐಚ್ಛಿಕ' ಎಂಬ ತಲೆಬರಹದ ಕೆಳಗೆ ಕೊನೆಯ ಪುಟದಲ್ಲಿ ಇಟ್ಟಿರುತ್ತವೆ.

ಜಿಎಸ್‌ಟಿಯ ಬಗ್ಗೆ ಒಂದು ಮಾತು. ಮೊದಲು ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳಿಗೆ 5% ರಿಯಾಯಿತಿ ದರ ಇತ್ತು. 2022ರ ಜುಲೈ 18ರಿಂದ ಅದು ಹೋಗಿದೆ. ಆಮೇಲೆ ಇಂಥ ಬಹುತೇಕ ಉಪಕರಣಗಳಿಗೆ 18% ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ದರಗಳು ಮತ್ತೆ ಬದಲಾಗಿವೆ, ನಿಮ್ಮ ಉಪಕರಣಕ್ಕೆ ಈಗ ಎಷ್ಟು ಎಂದು ಕೇಳಿ ಖಚಿತ ಮಾಡಿಕೊಳ್ಳಿ. 18% ಬೀಳುವ ಉಪಕರಣದ ಮೂಲ ಬೆಲೆ 1 ಕೋಟಿ ಇದ್ದರೆ ತೆರಿಗೆಯೇ 18 ಲಕ್ಷ. ಅಂಥದ್ದಕ್ಕೆ ಹಳೆಯ ಅರ್ಜಿ ನೋಡಿಕೊಂಡು 5% ಹಾಕಿದವರಿಗೆ 13 ಲಕ್ಷ ಖೋತಾ. ಅದನ್ನು ಆಮೇಲೆ ಡಿಎಸ್‌ಟಿ ಕೊಡುವುದಿಲ್ಲ, ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿಗಳ ಮುಂದೆ ಹೋಗಿ ನಿಲ್ಲಬೇಕು. ಆಮದು ಉಪಕರಣವಾದರೆ ಕಸ್ಟಮ್ಸ್ ಸುಂಕದ ಲೆಕ್ಕ ಬೇರೆ. ನಿಮ್ಮ ಸಂಸ್ಥೆಗೆ ಸುಂಕ ರಿಯಾಯಿತಿಗೆ ಬೇಕಾಗುವ ಡಿಎಸ್‌ಐಆರ್ (ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ) ನೋಂದಣಿ ಇದೆಯಾ, ಅದರ ಅವಧಿ ಮುಗಿದಿದೆಯಾ ಎಂದು ಈಗಲೇ ವಿಚಾರಿಸಿ. ಡಾಲರ್, ಯೂರೋ ದರ ಏರಿದರೆ ಎಂದು ಒಂದಿಷ್ಟು ಮೊತ್ತ ಹೆಚ್ಚಿಗೆ ಹಿಡಿಯುವುದೂ ರೂಢಿ. ಅರ್ಜಿ ಹಾಕಿದ ದಿನಕ್ಕೂ ಮೆಷಿನ್‌ಗೆ ಆರ್ಡರ್ ಹೋಗುವ ದಿನಕ್ಕೂ ಎರಡು ವರ್ಷ ಅಂತರ ಬಿದ್ದರೂ ಆಶ್ಚರ್ಯವಿಲ್ಲ.

ಫಿಸ್ಟ್‌ನಲ್ಲಿ ಉಪಕರಣದ ಜೊತೆ ಕಂಪ್ಯೂಟರ್ ಮತ್ತು ನೆಟ್‌ವರ್ಕ್, ಲ್ಯಾಬ್ ದುರಸ್ತಿ, ನಿರ್ವಹಣೆ ಇವಕ್ಕೆ ಕೇಳಲು ಅವಕಾಶ ಇದೆ. ಆಪರೇಟರ್ ಸಂಬಳಕ್ಕೆ ಇಲ್ಲ. ಕೆಮಿಕಲ್, ಓಡಾಟದ ಖರ್ಚಿಗೂ ಇಲ್ಲ. ನಿರ್ವಹಣೆಯ ಹಣವನ್ನು ಕೇಳಲು ಮಾತ್ರ ಸಂಕೋಚ ಬೇಡ. ವಾರಂಟಿ ಮುಗಿದ ಮರುದಿನ ಕೆಟ್ಟು ಕೂತ ಮೆಷಿನ್‌ಗಳು ನಮ್ಮ ಕ್ಯಾಂಪಸ್‌ಗಳಲ್ಲಿ ಬೇಕಾದಷ್ಟಿವೆ. ವಾರಂಟಿ ಮುಗಿದ ಮೇಲಿನ ಸಮಗ್ರ ನಿರ್ವಹಣಾ ಒಪ್ಪಂದ, ಅಂದರೆ ಸಿಎಂಸಿಗೆ ಎಷ್ಟಾಗುತ್ತದೆ ಎಂದು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಅವರು ಹೇಳಿದ್ದೇ ರೇಟು.

ರೂಮು, ಕರೆಂಟು, ಆಪರೇಟರ್

ಹೆಚ್ಚಿನ ಅರ್ಜಿಗಳಲ್ಲಿ 'ಸ್ಥಳಾವಕಾಶ ಲಭ್ಯವಿದೆ' ಎಂಬ ಎರಡೇ ಪದದಲ್ಲಿ ಮುಗಿದುಹೋಗುವ ಭಾಗ ಇದು. ನನ್ನನ್ನು ಕೇಳಿದರೆ ಒಂದಿಡೀ ಪುಟ ಬರೆಯಬೇಕಾದ್ದು ಇಲ್ಲೇ.

ರೂಮಿನ ಬಾಗಿಲ ಅಗಲ ಟೇಪ್ ಹಿಡಿದು ಅಳೆಯಿರಿ. ಲಾರಿಯಿಂದ ಇಳಿಸಿದ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಕಿಟಕಿ ಒಡೆದು ಒಳಗೆ ಸೇರಿಸುವ ಪರಿಸ್ಥಿತಿ ಬರಬಾರದು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೆ ಕಂಪನ ಆಗದು, ಕಾಂತಕ್ಷೇತ್ರ ಆಗದು. ಹಾಗಾಗಿ ನೆಲಮಹಡಿ, ಲಿಫ್ಟ್ ಮತ್ತು ಟ್ರಾನ್ಸ್‌ಫಾರ್ಮರ್‌ನಿಂದ ದೂರ. ಎಕ್ಸ್‌ಆರ್‌ಡಿಗೆ ಚಿಲ್ಲರ್ ಇಡುವ ಜಾಗ ಬೇಕು, ಎಕ್ಸ್-ರೇ ಇರುವುದರಿಂದ ಅಣುಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಪೋರ್ಟಲ್‌ನಲ್ಲಿ ಅನುಮತಿ ತೆಗೆದುಕೊಳ್ಳಬೇಕು. ಎನ್‌ಎಂಆರ್ ಕೇಳುವವರು ಎರಡು ಸಲ ಯೋಚಿಸಿ. ಅದರ ಅಯಸ್ಕಾಂತಕ್ಕೆ ವಾರ, ಹತ್ತು ದಿನಕ್ಕೊಮ್ಮೆ ದ್ರವ ಸಾರಜನಕ, ಕೆಲವು ತಿಂಗಳಿಗೊಮ್ಮೆ ದ್ರವ ಹೀಲಿಯಂ ತುಂಬಿಸುತ್ತಲೇ ಇರಬೇಕು. ಮೆಷಿನ್ ಬಳಸಿದರೂ ಅಷ್ಟೇ, ಬಳಸದೆ ಬಿಟ್ಟರೂ ಅಷ್ಟೇ. ಸಾರಜನಕದ ಟ್ಯಾಂಕರ್ ನಿಮ್ಮ ಊರಿಗೆ ಬರುತ್ತದಾ, ಹೀಲಿಯಂಗೆ ವರ್ಷಕ್ಕೆ ಎಷ್ಟಾಗುತ್ತದೆ ಎಂದು ಗ್ಯಾಸ್ ಏಜೆನ್ಸಿಯವರನ್ನು ಕೇಳಿ, ಅವರ ಪತ್ರವನ್ನೇ ಲಗತ್ತಿಸಿ.

ಕರೆಂಟ್ ವಿಷಯದಲ್ಲಿ ಬೇಕಾದದ್ದು ಮೂರು ಫೇಸ್, ಸರಿಯಾದ ಪ್ರತ್ಯೇಕ ಅರ್ಥಿಂಗ್, ಜನರೇಟರ್ ಬೆಂಬಲ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ತೇವ ಮತ್ತು ಸಿಡಿಲು ಎರಡೂ ಸೇರುತ್ತವೆ. ಅಲ್ಲಿ ಡಿಹ್ಯುಮಿಡಿಫೈಯರ್ ಶೋಕಿ ಅಲ್ಲ. ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದವರನ್ನು ಈಗಲೇ ರೂಮಿಗೆ ಕರೆದುಕೊಂಡು ಹೋಗಿ, ಅಂದಾಜು ಪಟ್ಟಿ ಮಾಡಿಸಿ, ಸಹಿ ಹಾಕಿಸಿಕೊಳ್ಳಿ.

ಆಪರೇಟರ್ ಪ್ರಶ್ನೆಗೆ 'ಸಂಶೋಧನಾ ವಿದ್ಯಾರ್ಥಿಗಳು ನಡೆಸುತ್ತಾರೆ' ಎಂಬ ಉತ್ತರ ನಿಲ್ಲುವುದಿಲ್ಲ. ಇಂದು ಕಲಿತವರು ಮೂರು ವರ್ಷಕ್ಕೆ ಥೀಸಿಸ್ ಕೊಟ್ಟು ಹೋಗುತ್ತಾರೆ. ಒಬ್ಬ ತಾಂತ್ರಿಕ ಸಿಬ್ಬಂದಿಯ ಸಂಬಳವನ್ನು ವಿಶ್ವವಿದ್ಯಾಲಯವೇ ಕೊಡುತ್ತದೆ ಎಂದು ಕುಲಸಚಿವರ ಸಹಿ ಇರುವ ಒಂದು ಸಾಲು ಸಿಕ್ಕರೆ, ಅದು ಹತ್ತು ಪ್ರಬಂಧಕ್ಕಿಂತ ಹೆಚ್ಚು ತೂಗುತ್ತದೆ.

ಸಹಿ, ಅಪ್‌ಲೋಡ್, ಪ್ರೆಸೆಂಟೇಶನ್

ಅರ್ಜಿ ಹೋಗುವುದು ಡಿಎಸ್‌ಟಿಯ ಇ-ಪಿಎಂಎಸ್ ಪೋರ್ಟಲ್ ಮೂಲಕ. ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಪತ್ರ ಬೇಕು. ಫೈಲು ಸೆಕ್ಷನ್, ಉಪ ಕುಲಸಚಿವರು, ಕುಲಸಚಿವರು, ಕುಲಪತಿ ಎಂದು ಮೆಟ್ಟಿಲು ಹತ್ತುವಷ್ಟರಲ್ಲಿ ಕುಲಪತಿಗಳು ಬೆಂಗಳೂರಿಗೋ ದೆಹಲಿಗೋ ಹೋಗಿರುತ್ತಾರೆ. ಪತ್ರದ ಕರಡನ್ನು ಎಲ್ಲಕ್ಕಿಂತ ಮೊದಲು ಕಳಿಸಿ, ಉಳಿದ ಅರ್ಜಿ ಆಮೇಲೆ ಬರೆದರೂ ನಡೆಯುತ್ತದೆ. ಕೊನೆಯ ದಿನ ಪೋರ್ಟಲ್ ನಿಧಾನ ಆಗುತ್ತದೆ ಎಂದು ಹೇಳಬೇಕಾಗಿಲ್ಲ.

ಮೊದಲ ಸುತ್ತು ದಾಟಿದರೆ ವಿಷಯ ತಜ್ಞರ ಸಮಿತಿಯ ಮುಂದೆ ಪ್ರೆಸೆಂಟೇಶನ್. ಸಿಗುವುದು ಕೆಲವೇ ನಿಮಿಷ. ವಿಶ್ವವಿದ್ಯಾಲಯದ ಇತಿಹಾಸ, ಕ್ಯಾಂಪಸ್ ಫೋಟೋ, ಸಂಸ್ಥಾಪಕರ ಭಾವಚಿತ್ರ ಎಲ್ಲ ಬಿಟ್ಟುಬಿಡಿ. ಮೊದಲ ಸ್ಲೈಡಿನಲ್ಲೇ ಅಧ್ಯಾಪಕರು, ಅವರ ಕೆಲಸ, ಯಾರಿಗೆ ಯಾವ ಉಪಕರಣ ಎಂಬ ಒಂದು ಕೋಷ್ಟಕ ಇರಲಿ. ಮಾತಾಡುವುದು ಮುಖ್ಯಸ್ಥರಾದರೂ ಜೊತೆಗೆ ಒಬ್ಬ ಕಿರಿಯ ಅಧ್ಯಾಪಕರನ್ನು ಕೂರಿಸಿಕೊಳ್ಳಿ. ಉಪಕರಣದ ರೆಸಲ್ಯೂಶನ್ ಎಷ್ಟು, ಡಿಟೆಕ್ಟರ್ ಯಾಕೆ ಇದೇ ಬೇಕು ಎಂಬ ಪ್ರಶ್ನೆಗೆ ದಿನಾ ಲ್ಯಾಬಿನಲ್ಲಿರುವವರು ತಡವರಿಸದೆ ಉತ್ತರಿಸುತ್ತಾರೆ. 'ಅರ್ಧದಷ್ಟೇ ಕೊಟ್ಟರೆ ಏನು ಬಿಡುತ್ತೀರಿ?' ಎಂಬ ಪ್ರಶ್ನೆಗೂ ತಯಾರಿರಿ. ವಿಭಾಗದೊಳಗಿನ ಜಗಳವನ್ನು ಮೊದಲೇ ಮುಗಿಸಿಕೊಂಡಿದ್ದರೆ ಇದು ಸುಲಭ.

ಹಣ ಮಂಜೂರಾದ ಮೇಲೆ

ಮಂಜೂರಾತಿ ಆದೇಶವನ್ನು ಸಾಲು ಸಾಲಾಗಿ ಓದಿ. ಉಪಕರಣದ ಹೆಸರು ಏನಿದೆಯೋ ಅದನ್ನೇ ಕೊಳ್ಳಬೇಕು. ಬದಲಿಸಬೇಕಿದ್ದರೆ ಮೊದಲು ಡಿಎಸ್‌ಟಿಯ ಒಪ್ಪಿಗೆ ಬೇಕು. ಹಣದ ವ್ಯವಹಾರ ಕೇಂದ್ರ ಸರ್ಕಾರದ ಹಣ ಪಾವತಿ ಪೋರ್ಟಲ್ ಆದ ಪಿಎಫ್‌ಎಂಎಸ್ ಮೂಲಕ. ಮಾರ್ಚ್ 31 ಹತ್ತಿರ ಬಂದಾಗ ಖರ್ಚಾಗದ ಮೊತ್ತದ ಕಥೆ ಏನು ಎಂದು ಜನವರಿಯಲ್ಲೇ ಹಣಕಾಸು ವಿಭಾಗದವರ ಜೊತೆ ಕೂತು ಮಾತಾಡಿ.

ಖರೀದಿಯಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಎರಡು ಕಡೆಯ ನಿಯಮ. ಕೇಂದ್ರದ ಅನುದಾನಕ್ಕೆ 2017ರ ಜಿಎಫ್‌ಆರ್, ಅಂದರೆ ಸಾಮಾನ್ಯ ಹಣಕಾಸು ನಿಯಮಗಳು ಇವೆ, ನಮ್ಮಲ್ಲಿ ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ಮಾಡಿದ 1999ರ ಕೆಟಿಪಿಪಿ ಕಾಯ್ದೆ ಇದೆ. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ವಿಜ್ಞಾನ ಸಂಸ್ಥೆಗಳಿಗೆ ಜೆಮ್ ಎಂಬ ಸರ್ಕಾರಿ ಖರೀದಿ ಪೋರ್ಟಲ್‌ನ ಹೊರಗೆ ಕೊಳ್ಳಲು ಸಡಿಲಿಕೆ ಕೊಟ್ಟ ಸುದ್ದಿ ಓದಿ, ಅದು ನಮಗೂ ಅನ್ವಯ ಎಂದುಕೊಂಡು ಮುಂದುವರಿಯಬೇಡಿ. ಹಣಕಾಸು ಅಧಿಕಾರಿಗಳಿಂದ ಲಿಖಿತ ಅಭಿಪ್ರಾಯ ಪಡೆದು ಫೈಲಿಗೆ ಹಾಕಿ. ಟೆಂಡರ್‌ನ ತಾಂತ್ರಿಕ ವಿವರವನ್ನು ಒಂದೇ ಕಂಪನಿಯ ಬ್ರೋಷರ್‌ನಿಂದ ಇಳಿಸಿದರೆ ಉಳಿದ ಕಂಪನಿಗಳು ಆಕ್ಷೇಪ ಎತ್ತುತ್ತವೆ, ಟೆಂಡರ್ ಮತ್ತೆ ಮೊದಲಿನಿಂದ ಶುರು.

ವರ್ಷಕ್ಕೊಮ್ಮೆ ಖರ್ಚಿನ ವಿವರ ಮತ್ತು ಜಿಎಫ್‌ಆರ್ 12-ಎ ನಮೂನೆಯ ಬಳಕೆ ಪ್ರಮಾಣಪತ್ರ ಹೋಗಬೇಕು. ಖಾತೆಯಲ್ಲಿ ಬಡ್ಡಿ ಬಂದಿದ್ದರೆ ಅದು ವಿಭಾಗದ್ದಲ್ಲ, ಕೇಂದ್ರ ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಉಪಕರಣ ಕೂತ ಕೂಡಲೇ ಐ-ಸ್ಟೆಮ್‌ನಲ್ಲಿ ನೋಂದಾಯಿಸಿ, ಬಳಕೆ ಶುಲ್ಕದ ಪಟ್ಟಿ ಸಿದ್ಧ ಮಾಡಿ: ವಿಭಾಗದವರಿಗೆ ಒಂದು ದರ, ಹೊರಗಿನ ಕಾಲೇಜಿನವರಿಗೆ ಒಂದು, ಕೈಗಾರಿಕೆಯವರಿಗೆ ಇನ್ನೊಂದು. ಈ ಶುಲ್ಕ ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಗೆ ಹೋಗದೆ ಅದೇ ಲ್ಯಾಬಿನ ನಿರ್ವಹಣೆಗೆ ಸಿಗುವಂತೆ ಸಿಂಡಿಕೇಟ್‌ನಲ್ಲಿ ತೀರ್ಮಾನ ಮಾಡಿಸಿಕೊಳ್ಳಿ. ಮೆಷಿನ್ ಹೊಸದಾಗಿ ಬಂದು ಎಲ್ಲರೂ ಖುಷಿಯಲ್ಲಿರುವಾಗ ಈ ತೀರ್ಮಾನಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಸಿಎಂಸಿ ಬಿಲ್ ಬಂದ ಮೇಲೆ ಕೇಳಲು ಹೋದರೆ ಫೈಲು ಸೆಕ್ಷನ್ ದಾಟುವುದೇ ಕಷ್ಟ.